ಕೀಲಿನ ಸೋನೋಗ್ರಫಿ: ಟಿಳಕವಾಡಿಯ ಒಂದು ಕ್ಲಿನಿಕ್ ಬಗ್ಗೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಸಂಧಿವಾತ ಕ್ಲಿನಿಕ್‌ನಲ್ಲಿ ಡಾಕ್ಟರ್ ಮೇಡಂ ತಾವೇ ಕೀಲಿನ ಸೋನೋಗ್ರಫಿ ಮಾಡುತ್ತಾರೆ. ಬೇರೆ ಕಡೆ ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ಹಿಡಿದು ಮತ್ತೆ ಬರುವ ಓಡಾಟ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಅವ್ವನಿಗೆ 70 ದಾಟಿದೆ. ಬಲ ಮೊಣಕಾಲು ಊದಿ ಬಿಸಿಯಾಗಿತ್ತು. ಮೊದಲು ತೋರಿಸಿದ ಕಡೆ ರಕ್ತದಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಇದೆ ಅಂತ ಗೌಟ್ ಎಂದರು, ಅಂದರೆ ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂತು ಬರುವ ಊತ. ಅದಕ್ಕೆ ಗುಳಿಗೆ ಬರೆದರು, ಬೇಳೆ ಬಿಡಿಸಿದರು. ಅವ್ವ ಸಪ್ಪೆ ಊಟ ಮಾಡಿ ಸೊರಗಿದಳು, ಊತ ಇಳಿಯಲಿಲ್ಲ. ಯೂರಿಕ್ ಆಸಿಡ್ ಜಾಸ್ತಿ ಇದ್ದವರಿಗೆಲ್ಲ ಗೌಟ್ ಬರುವುದಿಲ್ಲ. ಗೌಟ್ ಕೆರಳಿದಾಗಲೂ ಕೆಲವರಿಗೆ ಅದು ನಾರ್ಮಲ್ ಇರಬಹುದು.

ಮೇಡಂ ಜೆಲ್ ಹಚ್ಚಿ, ಮೊಣಕಾಲು ಮಡಚಿಸಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗೌಟ್‌ನಲ್ಲಿ ಯೂರೇಟ್ ಹರಳು, ಅಂದರೆ ಯೂರಿಕ್ ಆಸಿಡ್‌ನ ಹರಳು, ಕಾರ್ಟಿಲೇಜಿನ (ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪು ಹೊದಿಕೆ) ಮೇಲೆ ಕೂರುತ್ತದೆ. ಆಗ ಎಲುಬಿನ ಬಿಳಿ ಗೆರೆಯ ಜೊತೆಗೆ, ಅದರ ಮೇಲೆ ಇನ್ನೊಂದು ಬಿಳಿ ಗೆರೆ ಕಾಣುತ್ತದೆ. 2015ರಲ್ಲಿ ಅಮೆರಿಕ, ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಮಾಡಿದ ಗೌಟ್ ಮಾನದಂಡದಲ್ಲಿ ಈ ಜೋಡಿ ಗೆರೆಗೂ ಅಂಕ ಇದೆ. ಅವ್ವನಿಗೆ ಆ ಗೆರೆ ಇರಲಿಲ್ಲ. "ನೋಡ್ರಿ ಅಮ್ಮಾರ, ನಿಮ್ಮ ಹರಳು ಮ್ಯಾಲಿಲ್ಲ, ಒಳಗ ಅದಾವ" ಎಂದು ಕಾರ್ಟಿಲೇಜಿನ ನಡುವೆ ರವೆ ಚೆಲ್ಲಿದ ಹಾಗಿದ್ದ ಬಿಳಿ ಚುಕ್ಕೆ ತೋರಿಸಿದರು. ಅದು ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಬೇರೆಯೇ ಹರಳು. ವಯಸ್ಸಾದವರ ಮೊಣಕಾಲು, ಮಣಿಕಟ್ಟಿನಲ್ಲಿ ಜಾಸ್ತಿ. ಕಾಲಿನ ಹೆಬ್ಬೆರಳಿನ ಬುಡವನ್ನೂ ಬಿಡದೆ ನೋಡಿದರು. ಗೌಟ್ ಹೆಚ್ಚಾಗಿ ಶುರುವಾಗುವುದು ಅಲ್ಲೇ ಅಲ್ವಾ. ಅಲ್ಲಿ ಏನೂ ಇರಲಿಲ್ಲ.

ಸ್ಕ್ಯಾನ್ ಒಂದನ್ನೇ ನಂಬಲಿಲ್ಲ. ಅದೇ ಪರದೆ ನೋಡುತ್ತ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿದರು. ಹರಳು ಯಾವುದು ಎಂಬುದಕ್ಕೆ ಗಟ್ಟಿ ಸಾಕ್ಷಿ ಅದು. ಅದರಲ್ಲೂ ಪೈರೋಫಾಸ್ಫೇಟೇ ಬಂತು. ಯೂರಿಕ್ ಆಸಿಡ್ ಗುಳಿಗೆ ನಿಲ್ಲಿಸಿ ಉರಿಯೂತ ಇಳಿಸುವ ಔಷಧಿ ಕೊಟ್ಟರು. ಈ ಹರಳು ಕರಗಿಸುವ ಔಷಧಿ ಇಲ್ಲ ಎಂದೂ ಮುಚ್ಚಿಡದೆ ಹೇಳಿದರು. ಬೇಳೆ ತಿನ್ನಬಹುದು ಎಂದಾಗ ಅವ್ವನಿಗೆ ಆದ ಖುಷಿ ನೋಡಬೇಕಿತ್ತು.

ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೀಲು ನೋವಿನವರೇ ಬರುವ ಜಾಗದಲ್ಲಿ ಇದು ಸರಿಯಲ್ಲ. ಅವ್ವನನ್ನು ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಕಾಯುವುದೂ ಜಾಸ್ತಿ. ಹೋಗುವವರು ಊತ ಇರುವಾಗಲೇ ಹೋಗಿ, ಪರೀಕ್ಷೆಗೆ ನೀರು ಸಿಗುವುದು ಆಗಲೇ. ಹಳೆ ಎಕ್ಸ್‌ರೇ ಇದ್ದರೆ ಒಯ್ಯಿರಿ, ಮೇಡಂ ಕೇಳುತ್ತಾರೆ.