‘ಹೈ ಫೈಬರ್’ ಬಾರ್ ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ

ತೂಕ ಇಳಿಸಲು ಹೈ ಫೈಬರ್ ಬಾರ್, ಎಂದರೆ ನಾರು ಹೆಚ್ಚಿದೆ ಎಂದು ಮಾರುವ ಸಿಹಿ ತುಂಡು, ತಿನ್ನಿ ಎಂದು ಜಿಮ್ ತರಬೇತುದಾರರು ಸಲಹೆ ಕೊಟ್ಟರೆ, ಆ ಬಾರ್ ಮಾರುವವರೂ ಅವರೇ ಇರಬಹುದೇ ಎಂದು ಮೊದಲು ವಿಚಾರಿಸಿಕೊಳ್ಳಿ. ನನ್ನ ವಿಷಯದಲ್ಲಿ ಸಲಹೆಯೂ ಸರಕೂ ಒಂದೇ ಕೈಯಿಂದ ಬಂದವು. “ಸಂಜೆ ಒಂದು ತಿನ್ನಿ ಮೇಡಂ, ರಾತ್ರಿಯ ಊಟ ತಾನಾಗಿಯೇ ಅರ್ಧಕ್ಕಿಳಿಯುತ್ತದೆ” ಎಂದು ಆತ ಭರವಸೆ ಕೊಟ್ಟು, ಹಣ ಎಣಿಸಿಕೊಂಡು, ಪೆಟ್ಟಿಗೆಗಳನ್ನೇ ಹೊರಿಸಿ ಕಳಿಸಿದ.

ಊಟವೇನೂ ಕಡಿಮೆಯಾಗಲಿಲ್ಲ. ಬಾರ್ ತಿಂದ ಒಂದೆರಡು ಗಂಟೆಯಲ್ಲಿ ಹೊಟ್ಟೆ ನಗಾರಿಯಂತೆ ಬಿಗಿಯುತ್ತಿತ್ತು. ಕಚೇರಿಯ ಸಭೆಯಲ್ಲಿ ಎಲ್ಲರೂ ಸುಮ್ಮನಿದ್ದಾಗ ನನ್ನ ಕರುಳೊಂದೇ ಗುಡುಗುಡು ಎಂದು ಅಭಿಪ್ರಾಯ ಮಂಡಿಸುತ್ತಿತ್ತು. ಆಮೇಲೆ ಭೇದಿ. ಇಷ್ಟರ ಮೇಲೂ ರಾತ್ರಿ ಎಂಟಕ್ಕೆ ಎಂದಿನಂತೆಯೇ ಹಸಿವು. ದೂರು ಹೇಳಿದರೆ, “ದೇಹದ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ” ಎಂಬ ಉತ್ತರ ಬಂತು. ತಿಂಗಳ ಕೊನೆಗೆ ತೂಕದ ಯಂತ್ರದ ಮುಳ್ಳು ಮೇಲಕ್ಕೇ ಸರಿದಿತ್ತು.

ಪೊಟ್ಟಣದ ಮುಂಭಾಗದಲ್ಲಿ ಹಸಿರು ಎಲೆ, ಓಟ್ಸ್ ತೆನೆ, ‘ಸಕ್ಕರೆ ಸೇರಿಸಿಲ್ಲ’ ಎಂಬ ದಪ್ಪಕ್ಷರ. ಹಿಂಬದಿಯಲ್ಲಿ, ಅಂಟಿಸಿದ ಮಡಿಕೆಯನ್ನು ಉಗುರಿನಿಂದ ಬಿಡಿಸಿದರೆ ಮಾತ್ರ ಕಾಣುವ ಸಾಸಿವೆ ಗಾತ್ರದ ಅಕ್ಷರಗಳು. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು ಎಂಬುದು ನಿಯಮ. ನನ್ನ ಬಾರಿನಲ್ಲಿ ಮೊದಲು ಖರ್ಜೂರದ ಪೇಸ್ಟ್, ನಂತರ ಮಾಲ್ಟಿಟಾಲ್ ಎಂಬ ಸಿಹಿಕಾರಕ, ಆಮೇಲೆ ಚಿಕೋರಿ ಬೇರಿನ ನಾರು. ಓಟ್ಸ್ ಎಲ್ಲೋ ಕೆಳಗೆ. 45 ಗ್ರಾಂ ತೂಕದ ಒಂದು ತುಂಡಿಗೆ 190 ಕಿಲೋಕ್ಯಾಲರಿ, ಎಂದರೆ ಮೂರು-ನಾಲ್ಕು ಇಡ್ಲಿಯಷ್ಟು. ಊಟ ಹಾಗೆಯೇ ಇದ್ದು ಇದೊಂದು ಮೇಲೆ ಸೇರಿದರೆ ತೂಕ ಹೇಗೆ ತಾನೇ ಇಳಿದೀತು?

ಚಿಕೋರಿ ಎಂದರೆ ನಮ್ಮ ಫಿಲ್ಟರ್ ಕಾಫಿಯ ಪುಡಿಗೆ ಬೆರೆಸುವುದೇ. ಅದರ ಬೇರಿನಿಂದ ಪ್ರತ್ಯೇಕಿಸಿದ ಇನುಲಿನ್ ಎಂಬ ನಾರು ನೀರಿನಲ್ಲಿ ಕರಗುತ್ತದೆ, ತುಸು ಸಿಹಿಯೂ ಹೌದು; ಆದ್ದರಿಂದಲೇ ತಯಾರಕರಿಗೆ ಪ್ರಿಯ. ಆದರೆ ಇಸಬ್‌ಗೋಲಿನ ಹಾಗೆ ಲೋಳೆಯಾಗಿ ಉಬ್ಬಿ ಜಠರದಲ್ಲಿ ನಿಂತು ಹೊಟ್ಟೆ ತುಂಬಿದಂತೆ ಮಾಡುವ ಗುಣ ಅದಕ್ಕಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನೇರ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿದಾಗ ಗಾಳಿ ತುಂಬುತ್ತದೆ. ಅಭ್ಯಾಸವಿಲ್ಲದವರು ಒಂದೇ ಸಲ ಹೆಚ್ಚು ತಿಂದರೆ ಉಬ್ಬರ ಗ್ಯಾರಂಟಿ ಎಂದೇ ಹೇಳಬೇಕು. ಭೇದಿಗೆ ಮಾಲ್ಟಿಟಾಲ್ ಕೂಡ ಕಾರಣವಾಗಬಲ್ಲದು. ಇದು ಸಕ್ಕರೆಯ ಬದಲು ಬಳಸುವ ಪಾಲಿಯೋಲ್ ಎಂಬ ವರ್ಗದ ಸಿಹಿ. ಪೂರ್ತಿ ಹೀರಲ್ಪಡದೆ ಕರುಳಿಗೆ ನೀರು ಎಳೆದುಕೊಳ್ಳುತ್ತದೆ. ಕ್ಯಾಲರಿಯೂ ಶೂನ್ಯವಲ್ಲ, ಸಕ್ಕರೆಯ ಸುಮಾರು ಅರ್ಧದಷ್ಟು ಇದ್ದೇ ಇದೆ. ಪಾಲಿಯೋಲ್ ಶೇ 10 ಅಥವಾ ಹೆಚ್ಚಿದ್ದರೆ ಭೇದಿಯಾಗಬಹುದೆಂಬ ಎಚ್ಚರಿಕೆಯನ್ನು ಮುದ್ರಿಸಲೇಬೇಕು. ಮುದ್ರಿಸಿದ್ದರು, ಆ ಮಡಿಕೆಯೊಳಗೆ!

ಇನ್ನು ‘ಹೈ ಫೈಬರ್’ ಎಂಬ ಬಿರುದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ಘನ ಆಹಾರದ 100 ಗ್ರಾಂನಲ್ಲಿ 6 ಗ್ರಾಂ ನಾರಿದ್ದರೆ ಹಾಗೆ ಬರೆದುಕೊಳ್ಳಬಹುದು. ಅಂದರೆ 40 ಗ್ರಾಂ ಬಾರಿನಲ್ಲಿ 2.4 ಗ್ರಾಂ ಇದ್ದರೂ ಬಿರುದು ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಸೀಬೆಹಣ್ಣಿನಲ್ಲಿ 8 ಗ್ರಾಂಗೂ ಮೇಲೆ. ಸಂತೆಯಲ್ಲಿ ಸೀಬೆ ಮಾರುವ ಅಜ್ಜಿಗೆ ಈ ಬಿರುದು ಬರೆದುಕೊಳ್ಳುವ ಪೊಟ್ಟಣವಿಲ್ಲ, ಅಷ್ಟೇ.

ನಾರೇ ಬೇಡ ಎನ್ನುತ್ತಿಲ್ಲ. ಬೇಕರಿಯ ಕ್ರೀಮ್ ಬನ್ನಿನ ಬದಲು ಬಾರ್ ತಿಂದವರಿಗೆ ಲಾಭವಾಗಿರಲೂಬಹುದು. ಬನ್ನನ್ನು ಬಿಡದೆ ಬಾರನ್ನೂ ಸೇರಿಸಿಕೊಂಡವರಿಗೆ ನಷ್ಟ. ಮೊದಲೇ ಕರುಳಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬೇಡಿ. ಮಧುಮೇಹಿಗಳು ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತನ್ನು ನಂಬಬಾರದು. ಖರ್ಜೂರದ ಸಿಹಿಯೂ ಸಕ್ಕರೆಯೇ.

ಒಡೆಯದ ಪೆಟ್ಟಿಗೆಯನ್ನೂ ಆ ತರಬೇತುದಾರ ಹಿಂದಕ್ಕೆ ಪಡೆಯಲಿಲ್ಲ, ರಸೀದಿಯನ್ನಂತೂ ಕೊಟ್ಟೇ ಇರಲಿಲ್ಲ. ನೀವು ರಸೀದಿ ಪಡೆದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಈಗಾಗಲೇ ಕೊಂಡುಬಿಟ್ಟಿದ್ದು ಎಸೆಯಲು ಮನಸ್ಸಾಗದಿದ್ದರೆ ಒಮ್ಮೆಗೆ ಅರ್ಧ ತುಂಡು ಸಾಕು, ಜೊತೆಗೆ ಚೆನ್ನಾಗಿ ನೀರು ಕುಡಿಯಿರಿ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟ ದಿನ ಆ ಅರ್ಧವೂ ಬೇಡ.