ಕಟ್ಟಿದ ದುಡ್ಡು ವಾಪಸ್ ಬರುವ ಗೃಹಸಾಲ: ಎರಡು ವರ್ಷ ಬಳಸಿದವಳ ಮಾತು

ಮೊದಲೇ ಹೇಳಿಬಿಡುತ್ತೇನೆ, ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಓವರ್‌ಡ್ರಾಫ್ಟ್ ಗೃಹಸಾಲ ಬೇರೆ ಬೇರೆ ಬ್ಯಾಂಕುಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. ಹೆಚ್ಚುವರಿಯಾಗಿ ಕಟ್ಟಿದ ದುಡ್ಡನ್ನು ಬೇಕಾದಾಗ ವಾಪಸ್ ತೆಗೆಯಬಹುದಾದ ಸಾಲ ಇದು. ಓವರ್‌ಡ್ರಾಫ್ಟ್ ಅನ್ನುವುದನ್ನು ಚಿಕ್ಕದು ಮಾಡಿ ಕೌಂಟರಿನಲ್ಲಿ ಎಲ್ಲರೂ ಕರೆಯುವುದು ‘ಓಡಿ ಸಾಲ’ ಅಂತ. ನಾನೂ ಹಾಗೇ ಕರೆಯುತ್ತೇನೆ.

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ನಮ್ಮ ಯಜಮಾನರಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಮಗಳು ಏಳನೇ ಕ್ಲಾಸು, ಜೊತೆಗೆ ಅತ್ತೆ. ಬೋಗಾದಿ ಕಡೆ ಇದ್ದ ಮೂವತ್ತು-ನಲವತ್ತರ ಸೈಟಿನಲ್ಲಿ 2021ರ ಜೂನ್‌ನಲ್ಲಿ 40 ಲಕ್ಷ ಸಾಲ ಮಾಡಿ ಮನೆ ಕಟ್ಟಿಸಿದೆವು. ಅದು ಮಾಮೂಲಿ ಸಾಲ. ಶೇ. 7 ಬಡ್ಡಿ, 20 ವರ್ಷ, ಕಂತು 31,012. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಆಗ ಶೇ. 4 ಇತ್ತು. ಅದು ಏರಿಳಿದ ಹಾಗೆ ನಮ್ಮ ಬಡ್ಡಿಯೂ ಏರಿಳಿಯುತ್ತದೆ. ಇನ್ನೂ ಇಳಿದರೂ ಇಳಿಯಬಹುದು ಅಂತ ಕೌಂಟರಿನವರು ಹೇಳಿದ್ದರು. ನಾವೂ ನಂಬಿದೆವು.

ಯಜಮಾನರ ಅಪ್ಪ ಜೀವನಪೂರ್ತಿ ಸಾಲ ತೀರಿಸುತ್ತಲೇ ಹೋದವರು. ಹಾಗಾಗಿ ಇವರಿಗೆ ಸಾಲ ಅಂದರೆ ಮೈಮೇಲೆ ಜಿರಳೆ ಹರಿದ ಹಾಗೆ. ಗೃಹಪ್ರವೇಶದ ಮರುದಿನದಿಂದಲೇ ‘ಬೇಗ ತೀರಿಸ್ಬೇಕು ಕಣೇ’ ಶುರುವಾಯಿತು. ಹಬ್ಬಕ್ಕೆ ಬಟ್ಟೆ ಇಲ್ಲ. ಮಗಳ ಶಾಲೆಯವರು ಹಂಪಿಗೆ ಪ್ರವಾಸ ಕರೆದುಕೊಂಡು ಹೋದರು, ಇವಳನ್ನು ಕಳಿಸಲಿಲ್ಲ. ಬಾದಾಮಿ ಮಾವು ಕೊಳ್ಳಲು ಜೂನ್ ತಿಂಗಳ ಕೊನೆಯವರೆಗೆ ಕಾಯುವುದು, ಅಷ್ಟರಲ್ಲಿ ಹಣ್ಣೇ ಮುಗಿದಿರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ನನ್ನ ಎರಡು ಲಕ್ಷದ ಚೀಟಿ ಎದ್ದಿತು. ಅಷ್ಟನ್ನೂ ಹಾಗೇ ತೆಗೆದುಕೊಂಡು ಹೋಗಿ ಸಾಲಕ್ಕೆ ಕಟ್ಟಿದರು.

ಡಿಸೆಂಬರ್‌ನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ನಿಗೆ ಎರಡು ಲಕ್ಷದ ಮೇಲೆ ಬೇಕಿತ್ತು. ಎರಡು ತಿಂಗಳ ಹಿಂದೆ ಕಟ್ಟಿದ ಎರಡು ಲಕ್ಷ ವಾಪಸ್ ಕೊಡಿ ಅಂತ ಬ್ಯಾಂಕಿನಲ್ಲಿ ಕೇಳಲು ಆಗುತ್ತದೆಯೆ? ಇರುವ ಗೃಹಸಾಲದ ಮೇಲೆ ಇನ್ನಷ್ಟು ಕೊಡುವ ಟಾಪ್‌ಅಪ್ ಸಾಲಕ್ಕೆ ಅರ್ಜಿ ಹಾಕಿ, ಮೂರು ವಾರ ಆಗುತ್ತದೆ ಅಂದರು. ನನ್ನ ಎರಡೆಳೆ ಸರ, ನಾಲ್ಕು ಬಳೆ ಗಿರವಿಗೆ ಹೋದವು. ಉಳಿದದ್ದನ್ನು ನಾದಿನಿ ಕೊಟ್ಟಳು. ಗಿರವಿ ಬಡ್ಡಿ ಮನೆ ಸಾಲದ ಬಡ್ಡಿಗಿಂತ ಜಾಸ್ತಿ. ಕಡಿಮೆ ಬಡ್ಡಿಯ ಸಾಲ ತೀರಿಸಿ ಹೆಚ್ಚು ಬಡ್ಡಿಯ ಸಾಲ ತಂದ ಜಾಣರು ನಾವು.

ಅಷ್ಟರಲ್ಲಿ ರೆಪೊ ದರ 2022ರ ಮೇನಿಂದ ಏರತೊಡಗಿ 2023ರ ಫೆಬ್ರವರಿಗೆ ಶೇ. 6.5 ತಲುಪಿತ್ತು. ನಮ್ಮ ಬಡ್ಡಿ 7ರಿಂದ 9.5 ಆಯಿತು. ಕಂತು ಮಾತ್ರ ಅಷ್ಟೇ ಇತ್ತು, ಹಾಗಾಗಿ ನಾವು ಗಮನಿಸಲೇ ಇಲ್ಲ. ಒಂದು ದಿನ ಆ್ಯಪಿನಲ್ಲಿ ನೋಡಿದರೆ ಉಳಿದ ಕಂತುಗಳು 345! ಇಪ್ಪತ್ತು ಕಂತು ಕಟ್ಟಿ, ಮೇಲೆ ಎರಡು ಲಕ್ಷ ಸುರಿದ ಮೇಲೂ, 240 ಕಂತಿನ ಸಾಲದಲ್ಲಿ 345 ಬಾಕಿ. ಮೊದಲು ತಪ್ಪು ಅಂದುಕೊಂಡೆ. ಕೂತು ಲೆಕ್ಕ ಹಾಕಿದೆ. 36 ಲಕ್ಷ 60 ಸಾವಿರ ಬಾಕಿಗೆ ಒಂದು ತಿಂಗಳ ಬಡ್ಡಿಯೇ ಸುಮಾರು 28,975. ಕಟ್ಟುವ 31 ಸಾವಿರದಲ್ಲಿ ಅಸಲಿಗೆ ಹೋಗುವುದು ಎರಡು ಸಾವಿರ ಚಿಲ್ಲರೆ. ತಪ್ಪಿರಲಿಲ್ಲ. ಯಜಮಾನರಿಗೆ ಆಗ 41, ಸಾಲ ಮುಗಿಯುವ ಹೊತ್ತಿಗೆ ಎಪ್ಪತ್ತು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಎಂದು ಗ್ರಾಹಕರನ್ನು ಕೇಳಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿದ್ದು 2023ರ ಆಗಸ್ಟ್‌ನಲ್ಲಿ. ನಮಗೆ ಅದು ತಡವಾಗಿ ಬಂದ ಬಸ್ಸು.

ಓಡಿ ಸಾಲದ ಸುದ್ದಿ ಹೇಳಿದ್ದು ನಮ್ಮ ಲ್ಯಾಬಿನ ಹಿರಿಯರೊಬ್ಬರು. ಇದರಲ್ಲಿ ಸಾಲವೇ ಒಂದು ಖಾತೆ. ನಿಮಗೊಂದು ಮಿತಿ ಇರುತ್ತದೆ, ಅದು ತಿಂಗಳು ತಿಂಗಳೂ ಸ್ವಲ್ಪ ಇಳಿಯುತ್ತದೆ. ಕಂತಿನ ಮೇಲೆ ಎಷ್ಟು ಬೇಕಾದರೂ ಹಾಕಬಹುದು. ಹಾಕಿದ ದಿನದಿಂದ ಅಷ್ಟು ದುಡ್ಡಿಗೆ ಬಡ್ಡಿ ನಿಲ್ಲುತ್ತದೆ. ಬೇಕಾದಾಗ ಆ ಹೆಚ್ಚುವರಿಯನ್ನು ಚೆಕ್ ಬರೆದೋ ಆ್ಯಪಿನಲ್ಲೋ ವಾಪಸ್ ತೆಗೆಯಬಹುದು. ಯಾರ ಅಪ್ಪಣೆಯೂ ಬೇಡ, ಅರ್ಜಿಯೂ ಬೇಡ.

2023ರ ಅಕ್ಟೋಬರ್‌ನಲ್ಲಿ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದೆವು. 36 ಲಕ್ಷ, 15 ವರ್ಷ, ಶೇ. 9.15, ಕಂತು 36,800ರ ಆಸುಪಾಸು. ಹಳೇ ಬ್ಯಾಂಕಿನವರು ದಂಡ ಹಾಕುತ್ತಾರೇನೋ ಎಂದು ಹೆದರಿದ್ದೆ. ಬದಲಾಗುವ ದರದ ಗೃಹಸಾಲಕ್ಕೆ 2012ರಿಂದಲೇ ಅದನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಿದೆಯಂತೆ, ಹಾಕಲಿಲ್ಲ. ಆದರೆ ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಮತ್ತೆ ಎಂಒಡಿಟಿ (ಕ್ರಯಪತ್ರ ಬ್ಯಾಂಕಿನಲ್ಲಿ ಅಡ ಇಟ್ಟಿದ್ದಕ್ಕೆ ದಾಖಲೆ), ಮತ್ತೆ ಇಸಿ (ಋಣಭಾರ ಪತ್ರ) ಅಂತ ಕೈಯಿಂದ 27,000 ಹೋಯಿತು. ಹಳೇ ಬ್ಯಾಂಕಿನಿಂದ ಕ್ರಯಪತ್ರ ಹೊರಗೆ ಬರಲು 52 ದಿನ. ಸಾಲ ತೀರಿದ 30 ದಿನದೊಳಗೆ ಪತ್ರ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅನ್ನುವ ನಿಯಮ ಬಂದದ್ದು ಅದೇ ಡಿಸೆಂಬರ್ ಒಂದರಿಂದ. ಆ ತಾರೀಖನ್ನು ಯಜಮಾನರು ಇವತ್ತಿಗೂ ಮರೆತಿಲ್ಲ.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಈ ಸಾಲವನ್ನು ಹೊಗಳುವವರು ಇಲ್ಲೇ ಜಾರುತ್ತಾರೆ. ಅದೇ ಬ್ಯಾಂಕು ಮಾಮೂಲಿ ಸಾಲವನ್ನು 8.75ಕ್ಕೆ ಕೊಡುತ್ತಿತ್ತು. 0.4 ವ್ಯತ್ಯಾಸ ಅಂದರೆ 36 ಲಕ್ಷಕ್ಕೆ ವರ್ಷಕ್ಕೆ 14,400. ನಿಮ್ಮ ದುಡ್ಡು ಶೇ. 3ರ ಉಳಿತಾಯ ಖಾತೆಯಲ್ಲಿ ಕೊಳೆಯುತ್ತಿದ್ದರೆ, ವರ್ಷವಿಡೀ ಎರಡು ಲಕ್ಷ 35 ಸಾವಿರವಾದರೂ ಓಡಿಯಲ್ಲಿ ಕೂತರೆ ಮಾತ್ರ ಈ 14,400 ಹುಟ್ಟುತ್ತದೆ. ಶೇ. 7ರ ಎಫ್‌ಡಿ ಇಡುವವರಾಗಿದ್ದರೆ, ತೆರಿಗೆ ಬಿಟ್ಟು, ಆರೂ ಮುಕ್ಕಾಲು ಲಕ್ಷದ ಹತ್ತಿರ ಬೇಕು. ನಮ್ಮದು ಈಗ ನಾಲ್ಕೂವರೆ ಲಕ್ಷ ಇದೆ, ಮಧ್ಯದಲ್ಲಿ ತೂಗಾಡುತ್ತಿದ್ದೇವೆ. ಸಿಕ್ಕಿದ್ದನ್ನೆಲ್ಲ ಮಾಮೂಲಿ ಸಾಲಕ್ಕೆ ಕಟ್ಟಿದ್ದರೆ ಇದಕ್ಕಿಂತ ಲಾಭವೇ. ಅಂದರೆ ತಿಂಗಳಿಗೆ ಸಾವಿರ ಚಿಲ್ಲರೆ ರೂಪಾಯಿ ನಾವು ಕೊಡುತ್ತಿರುವುದು ಬಡ್ಡಿ ಉಳಿಸಲಿಕ್ಕಲ್ಲ, ಕಟ್ಟಿದ ದುಡ್ಡಿಗೆ ವಾಪಸ್ ಬರುವ ಬಾಗಿಲು ತೆರೆದಿಡಲಿಕ್ಕೆ. ನನಗೆ ಅದು ದುಬಾರಿ ಅನ್ನಿಸಿಲ್ಲ. ಮೊದಲೆಲ್ಲ ‘ಸಾಲಕ್ಕೆ ಹಾಕೋಣ’ ಅಂತ ಅವರು, ‘ಕೈಯಲ್ಲಿರಲಿ ರೀ’ ಅಂತ ನಾನು. ಈಗ ಸಾಲಕ್ಕೆ ಹಾಕಿದರೂ ಕೈಯಲ್ಲೇ ಇರುತ್ತದೆ, ಜಗಳ ಎಲ್ಲಿಂದ ಬರಬೇಕು? ಕಳೆದ ವರ್ಷ ಮಗಳು ಹಂಪಿ ನೋಡಿ ಬಂದಳು. ಶಾಲೆಯವರ ಜೊತೆಗಲ್ಲ, ನಮ್ಮ ಜೊತೆ. ವಿರೂಪಾಕ್ಷನ ಗುಡಿಯ ಆನೆ ಹತ್ತಿರ ಅವಳಿಗಿಂತ ಹೆಚ್ಚು ಹೊತ್ತು ನಿಂತವರು ಅವರಪ್ಪ.

ಸಂಬಳ ಬಂದ ದಿನವೇ ಪೂರ್ತಿ ಆ ಖಾತೆಗೆ ತಳ್ಳುತ್ತೇನೆ. ಒಂದು ಲಕ್ಷ ರೂಪಾಯಿ ಇಪ್ಪತ್ತು ದಿನ ಕೂತರೆ, ಶೇ. 9.15ರ ಲೆಕ್ಕದಲ್ಲಿ ಐನೂರು ರೂಪಾಯಿ ಬಡ್ಡಿ ಉಳಿಯಿತು. ತಳ್ಳದೇ ಇರುವುದು ಒಂದೇ, ಹೆಣ್ಣುಮಕ್ಕಳ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿಗೆ ಮಗಳ ಹೆಸರಲ್ಲಿ ಹಾಕುವ 5,000. ಯಜಮಾನರು ಅದನ್ನೂ ನಿಲ್ಲಿಸಿ ಸಾಲಕ್ಕೆ ಹಾಕೋಣ ಅಂದಿದ್ದರು. ಸುಕನ್ಯಾಗೆ 2024ರ ಜನವರಿಯಿಂದ ಶೇ. 8.2 ಇದೆ, ಬಡ್ಡಿಗೆ ತೆರಿಗೆ ಇಲ್ಲ. ರೆಪೊ 2025ರಲ್ಲಿ ನಾಲ್ಕು ಸಲ ಇಳಿದು 5.25 ಆದ ಮೇಲೆ ನಮ್ಮ ಸಾಲ 7.9ಕ್ಕೆ ಬಂದಿದೆ. ಹೆಚ್ಚು ಕೊಡುವ ಕಡೆಯಿಂದ ತೆಗೆದು ಕಡಿಮೆ ಬಡ್ಡಿಯ ಸಾಲ ತೀರಿಸುವುದು ಎಂಥ ಲೆಕ್ಕ ಅಂದೆ. ಸುಮ್ಮನಾದರು. ಒಪ್ಪಿದ್ದಾರೆ ಅಂತ ಹೇಳಲಾರೆ.

ದೂರುಗಳೂ ಇವೆ. ಸ್ಟೇಟ್‌ಮೆಂಟ್ ಓದಿ ಅರ್ಥ ಮಾಡಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಒಂದು ಕಡೆ ಮೈನಸ್ 28 ಲಕ್ಷ 70 ಸಾವಿರ, ಇನ್ನೊಂದು ಕಡೆ ತೆಗೆಯಬಹುದಾದ ಮೊತ್ತ, ಮತ್ತೊಂದು ಕಡೆ ಇಳಿಯುತ್ತಿರುವ ಮಿತಿ. ಶಾಖೆಯಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜು ತೋರಿಸುತ್ತಾರೆ. ಹೆಚ್ಚುವರಿಯಾಗಿ ಇಟ್ಟ ದುಡ್ಡನ್ನು ಅಸಲು ಕಟ್ಟಿದ್ದು ಎಂದು ತೋರಿಸಿ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬರುವುದಿಲ್ಲ. ನಾವಿಬ್ಬರೂ ಹೊಸ ತೆರಿಗೆ ಪದ್ಧತಿಗೆ ಹೋಗಿರುವುದರಿಂದ ನಮಗೆ ಬಾಧಕವಿಲ್ಲ, ಹಳೇ ಪದ್ಧತಿಯವರು ನೋಡಿಕೊಳ್ಳಿ.

ಇನ್ನೊಂದು ದೂರು ಬ್ಯಾಂಕಿನ ಮೇಲಲ್ಲ. ಆ್ಯಪ್ ತೆರೆದ ಕೂಡಲೇ ‘ಲಭ್ಯ ಮೊತ್ತ’ ಅಂತ ಲಕ್ಷಗಟ್ಟಲೆ ಹೊಳೆಯುತ್ತದೆ. ಸಾಲದ ಖಾತೆ ಅನ್ನುವುದೇ ಮರೆತುಹೋಗುತ್ತದೆ. ಕಳೆದ ಮಾರ್ಚ್‌ನಲ್ಲಿ, ಮಾವಿನ ಹಣ್ಣಿಗೆ ಲೆಕ್ಕ ಹಾಕುತ್ತಿದ್ದ ಅದೇ ಮನುಷ್ಯ, ನನಗೆ ಒಂದು ಮಾತೂ ಹೇಳದೆ 1 ಲಕ್ಷ 20 ಸಾವಿರ ತೆಗೆದು ಎಲೆಕ್ಟ್ರಿಕ್ ಸ್ಕೂಟರ್ ತಂದು ಗೇಟಿನ ಮುಂದೆ ನಿಲ್ಲಿಸಿದರು. ಕೇಳಿದರೆ ‘ನಮ್ದೇ ದುಡ್ಡಲ್ವೇನೇ’ ಅಂದರು. ಅತ್ತೆ ಮಾತ್ರ ಒಳಗಿನಿಂದ, ‘ನಿಮ್ಮಪ್ಪ ಇದ್ದಿದ್ರೆ ಇದನ್ನ ಬ್ಯಾಂಕಿಗೇ ಓಡಿಸ್ಕೊಂಡು ಹೋಗಿ ಕೊಟ್ಟು ಬರ್ತಿದ್ರು’ ಅಂದರು. ಅವತ್ತಿನಿಂದ ಫ್ರಿಜ್ಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆದವರು ತಾರೀಖು, ಕಾರಣ, ಯಾವಾಗ ವಾಪಸ್ ಹಾಕುತ್ತೇನೆ ಎಂದು ಬರೆಯಬೇಕು. ಸ್ಕೂಟರಿನ ಸಾಲಿನಲ್ಲಿ ಮೂರನೇ ಕಾಲಂ ಇನ್ನೂ ಖಾಲಿ.

ಯಾರು ತೆಗೆದುಕೊಳ್ಳಬಹುದು? ಮನೆಯಲ್ಲಿ ವಯಸ್ಸಾದವರಿದ್ದು, ಕೈಯಲ್ಲಿ ಮೂರ್ನಾಲ್ಕು ಲಕ್ಷ ಆಪದ್ಧನ ಇಟ್ಟುಕೊಳ್ಳಲೇಬೇಕು ಅನ್ನುವವರು, ವರ್ಷಕ್ಕೊಮ್ಮೆ ಬೋನಸ್ಸೋ ಅಡಿಕೆ, ಕಾಫಿ ದುಡ್ಡೋ ಗಂಟಾಗಿ ಬರುವವರು. ತಿಂಗಳ ಕೊನೆಗೆ ಖಾತೆ ಸೊನ್ನೆಯಾಗುವವರಿಗೆ ಮಾಮೂಲಿ ಸಾಲವೇ ಅಗ್ಗ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಸ್ಟೇಟ್‌ಮೆಂಟಿಗೆ, ಒಂದು ಸ್ಕೂಟರಿಗೆ.