ಸಿಜೆ3ಬಿ ಜೀಪಿನ ನಾಲ್ಕು ಡ್ರಮ್ ಬ್ರೇಕು: ಆರು ವರ್ಷದ ಬಳಕೆ, ಮತ್ತು ಯಾರೂ ಮುಟ್ಟದ ಕೆಳಗಿನ ಪಿನ್ನು

ಹಳೆ ಮಹೀಂದ್ರಾ ಸಿಜೆ3ಬಿ ಇಟ್ಟುಕೊಂಡವರಿಗೆ ಅದರ ಇಂಜಿನ್ನು, ಗೇರು, ಎತ್ತರದ ಬಾನೆಟ್ಟಿನ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಇಲ್ಲಿ ಬ್ರೇಕಿನ ಮಾತು ಮಾತ್ರ. ಗಾಡಿ ಓಡುವುದು ಅಣ್ಣಿಗೇರಿ, ನವಲಗುಂದದ ಎರಿ ಹೊಲಗಳ ನಡುವೆ, ವಾರಕ್ಕೊಮ್ಮೆ ಹುಬ್ಬಳ್ಳಿಗೆ. ಹಿಂದೆ ಬೀಜದ ಚೀಲವೋ ಗೊಬ್ಬರವೋ ಇದ್ದೇ ಇರುತ್ತದೆ. ವೇಗ ಗಂಟೆಗೆ 50 ಕಿಲೋಮೀಟರ್ ದಾಟುವುದಿಲ್ಲ. ಮುಂದೆ ಬ್ರೇಕಿಗೆ ಅಂಕ ಕೊಟ್ಟಿರುವುದು ಇಂಥ ಬಳಕೆಗೆ.

ಮೊದಲ ಎರಡು ವರ್ಷಕ್ಕೇ ಬರೆದಿದ್ದರೆ ಐದಕ್ಕೆ ಒಂದು ಅಂಕ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋದ ಮೇಲೆಯೇ ಗಾಡಿ ಹಿಡಿಯುತ್ತಿತ್ತು. ಎರಡನೇ ಸಲ ಒತ್ತಿದರೆ ಪೆಡಲ್ ಮೇಲೆ ಬರುತ್ತಿತ್ತು, ಆದರೆ ಕಾಲಿಗೆ ಮೆತ್ತಗೆ, ಹತ್ತಿ ಅಂಡಿಗೆಯ ಮೇಲೆ ಕಾಲಿಟ್ಟಂತೆ. ಜೋರಾಗಿ ಒತ್ತಿದರೆ ಬಲಕ್ಕೆ ಎಳೆತ. ಗ್ಯಾರೇಜಿಗೆ ಒಯ್ದಾಗಲೆಲ್ಲ ಒಂದೇ ಉಪಚಾರ: ನಾಲ್ಕೂ ಚಕ್ರದ ಮೇಲಿನ ಅಡ್ಜಸ್ಟರ್ ತಿರುಗಿಸುವುದು, ಆಯಿಲ್ ಪೈಪಿನಲ್ಲಿ ಸೇರಿದ ಗಾಳಿ (ಏರ್) ತೆಗೆಯುವುದು, "ಬ್ರೇಕ್ ಟೈಟ್ ಮಾಡೇನ್ರಿ ಅಣ್ಣಾರ, ಹೋಗ್ರಿ" ಅನ್ನುವುದು. ಹದಿನೈದು ದಿನಕ್ಕೆ ಮತ್ತೆ ಮೊದಲಿನ ಹಾಡು. ಕೊನೆಗೆ ಬರುವ ಸಲಹೆಯೂ ಒಂದೇ, ಡ್ರಮ್ ಕಿತ್ತು ಡಿಸ್ಕ್ ಹಾಕಿಸಿ ಅಂತ.

ಈಗ ಅಂಕ ಮೂರೂವರೆ. ಗಾಡಿಯೂ ಅದೇ, ಡ್ರಮ್ಮುಗಳೂ ಅವೇ. ಬದಲಾದದ್ದು ಅಡ್ಜಸ್ಟ್‌ಮೆಂಟ್ ಮಾಡುವ ರೀತಿ ಒಂದೇ.

ಈ ಬ್ರೇಕಿನಲ್ಲಿ ಅಡ್ಜಸ್ಟ್‌ಮೆಂಟ್ ಎರಡು ಕಡೆ ಇದೆ. ಚಕ್ರದ ಜೊತೆ ತಿರುಗುವ ಬಟ್ಟಲೇ ಡ್ರಮ್ಮು. ಅದರೊಳಗೆ ಬ್ಯಾಕ್ ಪ್ಲೇಟ್ ಎಂಬ ತಿರುಗದ ತಗಡಿನ ಮೇಲೆ ಎರಡು ಬಾಗಿದ ಶೂಗಳು, ಶೂವಿನ ಮೈಗೆ ಹಚ್ಚಿದ ಉಜ್ಜುವ ಪದರವೇ ಲೈನರ್. ಆಯಿಲಿನ ಒತ್ತಡಕ್ಕೆ ಶೂ ತಳ್ಳುವ ವೀಲ್ ಸಿಲಿಂಡರ್ ಮೇಲಿದೆ. ಅದು ಎರಡು ಶೂಗಳ ಮೇಲ್ತುದಿಯನ್ನು ಹೊರಗೆ ತಳ್ಳುತ್ತದೆ. ಶೂಗಳ ಕೆಳತುದಿ ಎರಡು ಆಂಕರ್ ಪಿನ್ನುಗಳ ಮೇಲೆ ಕೂತಿದೆ. ಮೇಲೆ ಪ್ರತಿ ಶೂಗೊಂದು ಸೊಟ್ಟ ಅಡ್ಜಸ್ಟರ್ ಬೋಲ್ಟು, ಅದು ಮಧ್ಯ ತಪ್ಪಿ ತಿರುಗುತ್ತದೆ. ಕೆಳಗಿನ ಆಂಕರ್ ಪಿನ್ನೂ ಹಾಗೇ ಮಧ್ಯ ತಪ್ಪಿದ್ದು, ಲಾಕ್ ನಟ್ ಬ್ಯಾಕ್ ಪ್ಲೇಟಿನ ಹಿಂದೆ. ಮೇಲಿನದನ್ನು ತಿರುಗಿಸಿದರೆ ಸರಿಯುವುದು ಶೂವಿನ ಮೇಲ್ತುದಿ ಮಾತ್ರ, ಕೆಳತುದಿ ಇದ್ದಲ್ಲೇ ಇರುತ್ತದೆ. ಹೊಸ ಲೈನರ್ ಹಾಕಿಸಿಯೋ ಡ್ರಮ್ ಲೇತಿಗೆ ಹಾಕಿಸಿಯೋ ಆಂಕರ್ ಮುಟ್ಟದೆ ಬಿಟ್ಟರೆ, ಕೆಳತುದಿ ಡ್ರಮ್ಮಿನಿಂದ ದೂರ ಉಳಿದು, ಲೈನರಿನ ಮೇಲ್ಭಾಗದ ಒಂದು ಸಣ್ಣ ಪಟ್ಟಿಯಷ್ಟೇ ತಾಗುತ್ತದೆ. ಅಡ್ಜಸ್ಟರ್ ಟೈಟ್ ಇದೆ, ಚಕ್ರ ತಿರುಗಿಸಿದರೆ ಉಜ್ಜುತ್ತದೆ, ಆದರೂ ಪೆಡಲ್ ಕೆಳಗೆ! ಮೆತ್ತಗೆ ಅನ್ನಿಸುವುದು ಪೂರ್ತಿ ಕೂರದ ಶೂ ಬಾಗುವುದರಿಂದ. ಅದನ್ನು ಗಾಳಿ ಅಂದುಕೊಂಡು ಎಷ್ಟು ಬಾಟಲಿ ಬ್ರೇಕ್ ಆಯಿಲ್ ಸುರಿದರೂ ವ್ಯರ್ಥ.

ಡ್ರಮ್ ಬ್ರೇಕಿಗೆ ಬರುವ ಕೆಟ್ಟ ಹೆಸರಿನ ಮುಕ್ಕಾಲು ಪಾಲು ಈ ಕೆಳಗಿನ ಪಿನ್ನಿನದು ಅನ್ನುವುದು ಆರು ವರ್ಷದ ನಂತರದ ಅಭಿಪ್ರಾಯ.

ಕೆಲಸ ಶುರು ಮಾಡುವುದು ಪೆಡಲಿನಿಂದ. ಪೆಡಲಿಗೆ ಅರ್ಧ ಇಂಚು, ಅಂದರೆ 12-13 ಮಿಲಿಮೀಟರ್ ಫ್ರೀ ಪ್ಲೇ ಇರಬೇಕು. ಕೈಯಿಂದ ಒತ್ತಿ ನೋಡಿ, ಪೆಡಲಿನ ಒತ್ತಡಕ್ಕೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಾಡ್ ಪಿಸ್ಟನ್ನಿಗೆ ತಾಗುವ ಮೊದಲು ಅಷ್ಟು ಸಡಿಲ ಸಿಗಬೇಕು. ಇದು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ, ಬಿಸಿಯಾದ ಆಯಿಲ್ ಹಿಗ್ಗಿ ಶೂಗಳನ್ನು ತಾನೇ ಒತ್ತತೊಡಗುತ್ತದೆ. ಐದಾರು ಕಿಲೋಮೀಟರಿಗೆ ಗಾಡಿ ಭಾರ, ನಾಲ್ಕೂ ಡ್ರಮ್ ಸುಡುಬಿಸಿ. ಆಗ ಅಡ್ಜಸ್ಟರ್ ಸಡಿಲಿಸಿದರೆ ತಪ್ಪಿಗೆ ತಪ್ಪು ಸೇರಿದಂತೆ.

ಜಾಕ್ ಹಾಕುವಾಗ ಒಂದು ಎಚ್ಚರ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದ್ದಲ್ಲ, ಟ್ರಾನ್ಸ್‌ಫರ್ ಕೇಸಿನ (ಎರಡೂ ಅಚ್ಚಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ, ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನದು. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಆ ಚಕ್ರವನ್ನು ತಿರುಗಲು ಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ತಾನೇ ಸರಿದುಹೋಗಬಹುದು. ನೆಲದ ಮೇಲಿರುವ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಅಥವಾ ಕಟ್ಟಿಗೆ ಕೊಟ್ಟೇ ಎತ್ತಿ. ಅಚ್ಚಿನ ಕೆಳಗೆ ಸ್ಟ್ಯಾಂಡ್ ಇಡದೆ ಜಾಕ್ ಒಂದನ್ನೇ ನಂಬಿ ಕೈ ಹಾಕಬೇಡಿ. ಎಡಬದಿಯ ಚಕ್ರದ ನಟ್ಟುಗಳು ಹಳೆ ಜೀಪುಗಳಲ್ಲಿ ಉಲ್ಟಾ ಥ್ರೆಡ್ಡಿನವು. ಬಿಚ್ಚುತ್ತೇವೆಂದು ಬಿಗಿದು ಬೋಲ್ಟ್ ಮುರಿಯುವುದು ಇಲ್ಲೇ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು. ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಅರಿವೆಯಿಂದ ಒರೆಸಿ, ಅರಿವೆ ಎಸೆಯಿರಿ. ನಮ್ಮ ಕಡೆ ಧೂಳಿನ ಜೊತೆ ಎರಿ ಮಣ್ಣೂ ಇರುತ್ತದೆ. ಹಸ್ತಾ, ಚಿತ್ತಿ ಮಳೆಯಲ್ಲಿ ಹಿಂಗಾರಿ ಬಿತ್ತಿಗೆಗೆ ಹೊಲಕ್ಕೆ ಇಳಿದ ಗಾಡಿಯ ಡ್ರಮ್ಮಿನೊಳಗೆ ಆ ಮಣ್ಣು ಒಣಗಿ ಇಟ್ಟಂಗಿಯಾಗಿ ಕೂತಿರುತ್ತದೆ. ಬ್ಯಾಕ್ ಪ್ಲೇಟಿನ ಮೇಲೆ ಶೂ ಒರಗಿ ಸರಿಯುವ ಉಬ್ಬುಗಳಿವೆ. ಮಣ್ಣು ತಿಕ್ಕಿ ತಿಕ್ಕಿ ಅಲ್ಲಿ ಗುಂಡಿ ಬಿದ್ದರೆ ಶೂ ಸಿಕ್ಕಿಕೊಂಡು ವಾಪಸ್ ಬರುವುದಿಲ್ಲ. ಗುಂಡಿ ಸಣ್ಣದಿದ್ದರೆ ಕಾನಸಿನಿಂದ (ಅರದಿಂದ) ಸಮ ಮಾಡಿ, ಶಾಖ ತಾಳುವ ಗ್ರೀಸನ್ನು ಬೆರಳ ತುದಿಯಷ್ಟು ಸವರಿ. ಹೆಚ್ಚಾದರೆ ಲೈನರಿಗೆ ಹರಿದು ಕೆಲಸ ಕೆಡುತ್ತದೆ.

ಇನ್ನು ಮುಖ್ಯ ಕೆಲಸ. ಹೊಸ ಲೈನರ್ ಆದರೆ ಎರಡೂ ಆಂಕರ್ ಪಿನ್ನುಗಳ ತುದಿಯ ಗುರುತು ಒಂದರ ಕಡೆ ಒಂದು ನೋಡುವಂತೆ ಇಟ್ಟು ಆರಂಭಿಸಿ, ಡ್ರಮ್ ಹಾಕಿ. ಲೈನರಿಗೂ ಡ್ರಮ್ಮಿಗೂ ನಡುವೆ ಬೇಕಾದ ಸಂದು ಕೆಳತುದಿಯಲ್ಲಿ 5 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು), ಮೇಲ್ತುದಿಯಲ್ಲಿ 8 ಥೌ, ಮಿಲಿಮೀಟರಿನಲ್ಲಿ 0.13 ಮತ್ತು 0.20. ಡ್ರಮ್ಮಿನಲ್ಲಿ ಫೀಲರ್ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ತೂರಿಸುವ ಕಿಂಡಿ ಇದ್ದರೆ ಲೈನರಿನ ತುದಿಯಿಂದ ಸುಮಾರು ಒಂದಿಂಚು ಒಳಗೆ ಅಳೆಯಿರಿ. ಆಂಕರಿನ ಲಾಕ್ ನಟ್ ಸಡಿಲಿಸಿ, 5 ಥೌ ಎಲೆ ಬಿಗಿಯಾಗಿ ಸರಿಯುವವರೆಗೆ ಪಿನ್ ತಿರುಗಿಸಿ. ಆಮೇಲೆ ಮೇಲಿನ ಅಡ್ಜಸ್ಟರಿನಿಂದ 8 ಥೌ. ಮೇಲೆ ತಿರುಗಿಸಿದಾಗ ಕೆಳಗಿನ ಅಳತೆ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಕೆಳಗೆ ಮೇಲೆ, ಕೆಳಗೆ ಮೇಲೆ ಎಂದು ಎರಡು ಮೂರು ಸುತ್ತು ಬೇಕೇ ಬೇಕು. ಇಲ್ಲಿ ಅವಸರ ಮಾಡಿದರೆ ಹಿಂದಿನದೆಲ್ಲ ನೀರಿನಲ್ಲಿ ಹೋಮ.

ಲಾಕ್ ನಟ್ ಬಿಗಿಯುವಾಗ ಪಿನ್ನನ್ನು ಇನ್ನೊಂದು ಪಾನಾದಿಂದ ಹಿಡಿದಿರಬೇಕು, ಇಲ್ಲವಾದರೆ ನಟ್ಟಿನ ಜೊತೆ ಪಿನ್ನೂ ತಿರುಗಿ ಅಳತೆ ಹೋಗುತ್ತದೆ. ಬಿಗಿದ ನಂತರ ಇನ್ನೊಮ್ಮೆ ಫೀಲರ್ ಹಾಕಿ. "ನಿನ್ನೆ ಸರಿ ಇತ್ತು, ಇವತ್ತು ಇಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ. ತುಕ್ಕು ಹಿಡಿದು ಕೂತ ಪಿನ್ನಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿಡಿ, ಸುತ್ತಿಗೆಯಿಂದ ಬಡಿದರೆ ಬ್ಯಾಕ್ ಪ್ಲೇಟ್ ಬಾಗುತ್ತದೆ.

ಕಿಂಡಿ ಇಲ್ಲದ ಡ್ರಮ್ ಬಂದಿದ್ದರೆ ಸೀಮೆಸುಣ್ಣ ಸಾಕು. ಈ ಕೆಲಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವುದು ಇದೇ. ಲೈನರಿನ ಮೈಗೆಲ್ಲ ಸೀಮೆಸುಣ್ಣ ಉದ್ದಕ್ಕೆ ತಿಕ್ಕಿ, ಡ್ರಮ್ ಹಾಕಿ, ಅಡ್ಜಸ್ಟರನ್ನು ಹಗುರವಾಗಿ ಉಜ್ಜುವಷ್ಟು ತಂದು, ಚಕ್ರವನ್ನು ಗಾಡಿ ಮುಂದೆ ಹೋಗುವ ದಿಕ್ಕಿಗೆ ನಾಲ್ಕೈದು ಸುತ್ತು ತಿರುಗಿಸಿ ಡ್ರಮ್ ತೆಗೆಯಿರಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ. ಮೇಲ್ತುದಿಯಲ್ಲಷ್ಟೇ ಅಳಿಸಿದ್ದರೆ ಆಂಕರ್ ತಿರುಗಿಸಿ ಕೆಳತುದಿಯನ್ನು ಹೊರಗೆ ತನ್ನಿ. ನಟ್ಟನಡುವೆ ಮಾತ್ರ ಅಳಿಸಿದ್ದರೆ ಡ್ರಮ್ ಲೇತಿನಲ್ಲಿ ದೊಡ್ಡದಾಗಿದೆ, ಶೂವಿನ ಬಾಗು ಅದಕ್ಕೆ ಸಾಲದು. ಎರಡು ತುದಿಯಲ್ಲಷ್ಟೇ ಅಳಿಸಿದ್ದರೆ ಲೈನರ್ ದಪ್ಪ ಹೆಚ್ಚು. ಬ್ರೇಕ್ ಕಿರುಚುತ್ತದೆ, ತಟ್ಟನೆ ಕಚ್ಚುತ್ತದೆ. ಈ ಎರಡಕ್ಕೂ ಯಾವ ಪಿನ್ನೂ ಮದ್ದಲ್ಲ, ಲೈನರನ್ನು ಆ ಡ್ರಮ್ಮಿನ ಬಾಗಿಗೆ ಉಜ್ಜಿಸಬೇಕು. ಸುಣ್ಣ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಅಳಿಸಿದ ದಿನ ಪೆಡಲ್ ಒತ್ತಿ ನೋಡಿ: ಮೇಲೆಯೇ ನಿಲ್ಲುತ್ತದೆ, ಕಲ್ಲಿನ ಹಾಗೆ. ಇದೇ ಗಾಡಿಯೇ ಅನ್ನಿಸುತ್ತದೆ. ಉಣಕಲ್ಲಿನ ನೃಪತುಂಗ ಬೆಟ್ಟದ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯುತ್ತ, ಹೆಬ್ಬೆರಳಿನ ಒತ್ತಡಕ್ಕೆ ನಾಲ್ಕೂ ಚಕ್ರ ಒಟ್ಟಿಗೆ ಮಾತು ಕೇಳುವ ಸುಖಕ್ಕಾಗಿ ಇಷ್ಟೆಲ್ಲ ಮಾಡಬಹುದು.

ಎಳೆತದ ವಿಷಯ. ಬಲಕ್ಕೆ ಎಳೆದರೆ ಕೈ ಹೋಗಬೇಕಾದ್ದು ಮೊದಲು ಎಡಗಡೆಗೆ, ಹಿಡಿಯದೆ ಉಳಿದದ್ದು ಅದು. ಸಿಲಿಂಡರ್ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದೆಯೇ, ಲೈನರಿಗೆ ಆಯಿಲ್ ಅಥವಾ ಹಬ್ಬಿನ ಗ್ರೀಸ್ ತಾಗಿದೆಯೇ ನೋಡಿ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೆ ಎರಡು ದಿನ ಸರಿ, ಬಿಸಿಯಾದ ಕೂಡಲೇ ಎಣ್ಣೆ ಮತ್ತೆ ಹೊರಬರುತ್ತದೆ. ಬದಲಿಸುವುದೇ ದಾರಿ, ಅದೂ ಅದೇ ಅಚ್ಚಿನ ಎರಡೂ ಬದಿ ಒಟ್ಟಿಗೆ. ಹಾಗೆಯೇ ಒಂದು ಚಕ್ರದ ಎರಡು ಶೂಗಳಲ್ಲಿ ಉದ್ದ ಲೈನರಿನದು ಮುಂದೆ ಬರಬೇಕು. ಡ್ರಮ್ ತಿರುಗುವ ರಭಸಕ್ಕೆ ಮುಂದಿನ ಶೂ ತಾನೇ ಡ್ರಮ್ಮಿನ ಕಡೆಗೆ ಎಳೆದುಕೊಂಡು ಹೆಚ್ಚು ದುಡಿಯುತ್ತದೆ, ಅದಕ್ಕೇ ಅದರ ಲೈನರ್ ಉದ್ದ. ಅದಲು ಬದಲು ಜೋಡಿಸಿದ ಗಾಡಿಗಳು ಬೇಕಾದಷ್ಟಿವೆ.

ಬಿಡಿಭಾಗದ ವಿಷಯಕ್ಕೆ ಬಂದರೆ ಮತ್ತೆ ಬೇಸರ. ಪೇಟೆಯಲ್ಲಿ ಸಿಗುವ ಗಟ್ಟಿ ಲೈನರ್ ಬಹಳ ದಿನ ಬಾಳುತ್ತದೆ, ಆದರೆ ತಣ್ಣಗಿದ್ದಾಗ ಕಚ್ಚುವುದಿಲ್ಲ. 50ರೊಳಗೆ ಓಡುವ ಗಾಡಿಗೆ ನೇಯ್ದ ಮೆತ್ತನೆಯ ಲೈನರೇ ಒಳ್ಳೆಯದು, ಬೇಗ ಸವೆದರೂ ಸರಿ. ರಿವೆಟ್ಟಿನ ತಲೆಯ ಮೇಲೆ ಲೈನರ್ ಒಂದು ಮಿಲಿಮೀಟರಿಗೆ ಬಂದಾಗ ಬದಲಿಸಿ, ರಿವೆಟ್ ತಾಗಿ ಡ್ರಮ್ಮಿಗೆ ಗೆರೆ ಬಿದ್ದರೆ ಲೇತಿನ ಖರ್ಚು ಬೇರೆ. ಅಗ್ಗದ ರಬ್ಬರ್ ವಾಷರ್ ಕಿಟ್ ಒಂದು ಮಳೆಗಾಲವೂ ತಡೆಯದೆ ಒಸರಿದ್ದಿದೆ. ಇಡೀ ಗಾಡಿಗೆ ಆಯಿಲಿನ ಸಾಲು ಒಂದೇ ಆದ್ದರಿಂದ ಒಂದು ಚಕ್ರ ಸೋರಿದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಮೂರೂವರೆಯ ಮೇಲೆ ಅಂಕ ಏರದಿರುವುದು ಇದಕ್ಕೇ. ವಾಷರ್ ಮತ್ತು ಹೋಸ್ ಪೈಪಿನಲ್ಲಿ ದುಡ್ಡು ಉಳಿಸಬೇಡಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲನ್ನೇ ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಇಂಜಿನ್ ಆಯಿಲ್ ಒಂದು ಹನಿ ಬೆರೆತರೂ ರಬ್ಬರ್ ಉಬ್ಬಿ ಹಾಳು.

ಡಿಸ್ಕ್ ಹಾಕಿಸಬೇಕೇ? ಅರಬೈಲು ಘಟ್ಟವನ್ನು ತುಂಬಿದ ಗಾಡಿಯಲ್ಲಿ ಪದೇ ಪದೇ ಇಳಿಯುವವರು ಹಾಕಿಸಲಿ. ಉದ್ದದ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಇಳಿಯುತ್ತ ಹೋಗುತ್ತದೆ. ಯಾವ ಅಡ್ಜಸ್ಟ್‌ಮೆಂಟೂ ಅದನ್ನು ತಪ್ಪಿಸದು. ಬಯಲುಸೀಮೆಯ ಹೊಲ, ಸಂತೆ, ಹುಬ್ಬಳ್ಳಿ ಓಡಾಟಕ್ಕೆ ಆ ಖರ್ಚು ಬೇಡ. ಅದರ ಒಂದು ಚೂರು ದುಡ್ಡಿನಲ್ಲಿ ನಾಲ್ಕೂ ಚಕ್ರದ ಲೈನರ್, ವಾಷರ್, ಹೋಸ್ ಪೈಪ್, ಒಂದು ಫೀಲರ್ ಗೇಜ್ ಆಗುತ್ತದೆ.

ದಿನದ ಪರೀಕ್ಷೆಗೆ ಹದಿನೈದು ಸೆಕೆಂಡು ಸಾಕು. ಬೆಳಿಗ್ಗೆ ಗಾಡಿ ಸರಿಸುವ ಮೊದಲು ಪೆಡಲನ್ನು ಒಮ್ಮೆ ಒತ್ತಿ, ಬಿಟ್ಟು ಇನ್ನೊಮ್ಮೆ ಒತ್ತಿ, ಹಾಗೇ ಹತ್ತು ಎಣಿಸುವವರೆಗೆ ಹಿಡಿಯಿರಿ. ಎರಡನೇ ಸಲಕ್ಕೆ ಮೇಲೆ ಬಂದು ಗಟ್ಟಿ ನಿಂತರೆ ಸಂದು ಹೆಚ್ಚಾಗಿದೆ. ಎಷ್ಟು ಒತ್ತಿದರೂ ಸ್ಪ್ರಿಂಗಿನಂತೆ ಪುಟಿದರೆ ಗಾಳಿ, ಅಥವಾ ಬಾಗು ಕೂರದ ಶೂ. ಹಿಡಿದಿರುವಾಗ ಮೆಲ್ಲಗೆ ಇಳಿದರೆ ಸೋರಿಕೆ ಅಥವಾ ಮಾಸ್ಟರಿನ ವಾಷರ್. ಆ ದಿನ ಗಾಡಿ ತೆಗೆಯುವುದು ಬೇಡ. ಬೆಣ್ಣಿಹಳ್ಳದ ನೀರು ದಾಟಿ ಬಂದರೆ ನೂರಿನ್ನೂರು ಮೀಟರ್ ಪೆಡಲ್ ಮೇಲೆ ಕಾಲು ಹಗುರವಾಗಿಟ್ಟು ಓಡಿಸಿ ಲೈನರ್ ಒಣಗಿಸಿ. ಅಮಾವಾಸ್ಯೆಗೆ ಹೇಗೂ ಗಾಡಿ ತೊಳೆದು ನಿಂಬೆಹಣ್ಣು ಕಟ್ಟುತ್ತೇವಲ್ಲ, ಮೇಲಿನ ಅಡ್ಜಸ್ಟರ್ ನೋಡಲು ಅದೇ ದಿನ. ಡ್ರಮ್ ಬಿಚ್ಚಿ ಸೀಮೆಸುಣ್ಣ, ಆಂಕರ್ ಎಲ್ಲ ನೋಡುವುದು ವರ್ಷಕ್ಕೊಮ್ಮೆ. ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಒಮ್ಮೆ ಮಾಡಿದರೆ ಬಿತ್ತಿಗೆಯ ಕೆಸರೂ ಹೊರಗೆ ಬರುತ್ತದೆ.

ಅಡ್ಜಸ್ಟ್ ಮಾಡಿದ ದಿನ ಹತ್ತು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಆ ಚಕ್ರದ ಮೇಲಿನ ಅಡ್ಜಸ್ಟರನ್ನು ಕೂದಲೆಳೆಯಷ್ಟು ಹಿಂದೆ ತನ್ನಿ. ಆಂಕರ್ ಮುಟ್ಟಬೇಡಿ. ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.